ಕೆಸರಿನ ಗೆರೆಗೆ ಕಡತವಿಲ್ಲ

ಭೀಮಾ ಹೊಳೆ ಏಕಾಏಕಿ ಬಂತೇ? ಸುಳ್ಳು. 2006ರಲ್ಲಿ ಬಂತು. 2020ರ ಅಕ್ಟೋಬರಿನಲ್ಲಿ ಬಂತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ಅದೇ ಹೊಳೆ, ಅದೇ ದಂಡೆ, ಅದೇ ಊರುಗಳು. ಪ್ರತಿ ಸಲವೂ ಮೇಲಿನವರ ಬಾಯಲ್ಲಿ ಒಂದೇ ಮಾತು: ಪ್ರಕೃತಿ ವಿಕೋಪ.

ಇಪ್ಪತ್ತು ವರ್ಷದೊಳಗೆ ಮೂರು ಸಲ ಹೇಳಿ ಬಂದದ್ದು ವಿಕೋಪವೇ? ಗೊತ್ತಿದ್ದೂ ಮಲಗಿದವರಿಗೆ ಏನನ್ನಬೇಕು?

ಸಿಂದಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ದೇವಣಗಾಂವ ಸೇತುವೆ ಇದೆ. ಅಲ್ಲಿ ಕೇಂದ್ರ ಜಲ ಆಯೋಗ ಹೊಳೆಯ ಮಟ್ಟ ಅಳೆಯುತ್ತದೆ. ಲೆಕ್ಕ ದಿಲ್ಲಿಗೆ ಹೋಗುತ್ತದೆ. ಪಕ್ಕದ ತಾರಾಪುರಕ್ಕೆ ಏನು ಬರುತ್ತದೆ? ಒಂದು ಡಂಗುರ. "ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ಇಷ್ಟು ಲಕ್ಷ ಕ್ಯುಸೆಕ್ ಬಿಟ್ಟಾರ, ಹುಷಾರಿರ್ರಿ."

ಕ್ಯುಸೆಕ್ ಅಂದರೆ ಯಾರ ಹೊಸ್ತಿಲು? ಎಷ್ಟು ಬಿಟ್ಟರೆ ಹೊಲ ಮುಳುಗುತ್ತದೆ, ಎಷ್ಟಕ್ಕೆ ಶಾಲೆ, ಎಷ್ಟಕ್ಕೆ ದನದ ಕೊಟ್ಟಿಗೆ? ಇದನ್ನು ಹೇಳುವ ಒಂದು ಹಾಳೆ ಯಾವ ಪಂಚಾಯಿತಿಯ ಗೋಡೆಯ ಮೇಲಿದೆ? ತೋರಿಸಿ!

ಬರೀ ಉಜನಿ ಉಜನಿ ಎಂದು ಬೆರಳು ತೋರಿಸಿದರೂ ಸಾಲದು. ಉಜನಿ ಜಲಾಶಯದ ಕೆಳಗೆ ನೀರಾ ನದಿ ಭೀಮೆಗೆ ಸೇರುತ್ತದೆ. ಗಡಿಯ ಹತ್ತಿರ ಸೀನಾ ನದಿ ಸೇರುತ್ತದೆ. 2025ರಲ್ಲಿ ಸೀನಾ ಉಕ್ಕಿ ಸೊಲ್ಲಾಪುರ–ವಿಜಯಪುರ ಹೆದ್ದಾರಿಯನ್ನೇ ಬಂದ್ ಮಾಡಿಸಿತು. ಇವುಗಳ ಮೇಲೆ ನಮ್ಮದೇ ಹಳ್ಳಗಳು. ಮಳೆ ಕುಡಿದು ತಣಿದ ಎರೆಮಣ್ಣು ಮತ್ತೊಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳದು. ನೆರೆಯ ಅಪಾಯ ಅಳೆಯುವುದೆಂದರೆ ಇದೆಲ್ಲವನ್ನೂ ಕೂಡಿಸಿ, ನೀರು ಯಾವ ಓಣಿಗೆ ಯಾವ ಹೊತ್ತಿಗೆ ಬರುತ್ತದೆಂದು ಮೊದಲೇ ಹೇಳುವುದು. ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜಿನ ಹಿನ್ನೀರು ತಾರಾಪುರವನ್ನು ಏನು ಮಾಡುತ್ತದೆಂದು ಅಲ್ಲಿನ ದನ ಕಾಯುವ ಹುಡುಗನಿಗೂ ಗೊತ್ತು. ಊರು ಬಿಡಿಸುವ ಮಾತು ವರ್ಷಗಟ್ಟಲೆ ಕಡತದೊಳಗೆ ಕೊಳೆಯುತ್ತಿದೆ. ನೀರು ಮಾತ್ರ ಊರೊಳಗೆ ಬರುತ್ತಿದೆ.

ಇನ್ನು ಉಸುಕು. ಹೊಳೆಯ ಹೊಟ್ಟೆ ಬಗೆದರು. ರಾತ್ರಿಯೆಲ್ಲ ಟ್ರ್ಯಾಕ್ಟರು, ಟಿಪ್ಪರು. ದಂಡೆ ಕುಸಿಯಿತು, ಹರಿವು ದಿಕ್ಕು ತಪ್ಪಿತು. 2023ರ ಜೂನಿನಲ್ಲಿ ಜೇವರ್ಗಿ ತಾಲೂಕಿನಲ್ಲಿ ಉಸುಕಿನ ಟ್ರ್ಯಾಕ್ಟರ್ ತಡೆಯಲು ನಿಂತ ಹೆಡ್ ಕಾನ್‌ಸ್ಟೆಬಲ್ ಮೇಲೆಯೇ ಅದನ್ನು ಹಾಯಿಸಿ ಕೊಂದರು. ಪೊಲೀಸನನ್ನೇ ಬಿಡದವರು ಹೊಳೆಯನ್ನು ಬಿಟ್ಟಾರೆಯೇ? ಆ ಉಸುಕು ಯಾರ ಮನೆ ಕಟ್ಟಿತು? ನಿಮ್ಮದು. ನನ್ನದು. ಟ್ರಿಪ್ಪಿಗೆ ಎಷ್ಟು ಎಂದು ಕೇಳಿದೆವು, ಎಲ್ಲಿಂದ ತಂದಿರಿ ಎಂದು ಕೇಳಲಿಲ್ಲ. ಈ ಪಾಪದಲ್ಲಿ ನಮ್ಮ ಪಾಲೂ ಇದೆ.

ನೆರೆ ಇಳಿಯುವ ಮುಂಚೆಯೇ ಹೆಲಿಕಾಪ್ಟರ್ ಬರುತ್ತದೆ. 2020ರ ಅಕ್ಟೋಬರ್ 21ರಂದು ಒಬ್ಬ ಮುಖ್ಯಮಂತ್ರಿ ಮೇಲಿನಿಂದ ನೋಡಿದರು. 2025ರ ಸೆಪ್ಟೆಂಬರ್ 30ರಂದು ಇನ್ನೊಬ್ಬರು ನೋಡಿದರು. ಪಕ್ಷ ಬೇರೆ, ಕಿಟಕಿ ಅದೇ. ಅಷ್ಟು ಎತ್ತರದಿಂದ ನೀರು ಕಾಣುತ್ತದೆ. ಕೊಳೆತ ತೊಗರಿಯ ನಾತ ಬರುತ್ತದೆಯೇ? ಕಣಕಿ ತೇಲಿಹೋದ ಮೇಲೆ ಎತ್ತಿನ ಕಣ್ಣು ಹೇಗಿರುತ್ತದೆಂದು ತಿಳಿಯುತ್ತದೆಯೇ?

ಆಮೇಲೆ ಪಂಚನಾಮೆ. 2025ರಲ್ಲಿ ಒಣಬೇಸಾಯದ ಬೆಳೆಗೆ ಕೇಂದ್ರದ ನಿಯಮದಂತೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಅದೂ 2 ಹೆಕ್ಟೇರಿನವರೆಗೆ ಮಾತ್ರ. ಅದಕ್ಕೆ ರಾಜ್ಯ ಇನ್ನೊಂದು 8,500 ಸೇರಿಸಿ ಬೆನ್ನು ತಟ್ಟಿಕೊಂಡಿತು. ಬೀಜ, ಗೊಬ್ಬರ, ಕೂಲಿ ಲೆಕ್ಕ ಹಾಕಿ ನೋಡ್ರಿ ಸಾಹೇಬ್ರ. ಹೆಣ ಎಣಿಸಲು, ಹೊಲ ಎಣಿಸಲು ಸಿಬ್ಬಂದಿ ಇದ್ದಾರೆ. ಮಳೆಗಾಲಕ್ಕೆ ಮುಂಚೆ ಊರ ತಗ್ಗು ದಿಬ್ಬ ಅಳೆಯಲು ಇಲ್ಲ! ಯಾಕಿಲ್ಲ? ಮೊದಲೇ ಬರೆದಿಟ್ಟರೆ ಹೊಣೆ ಬರುತ್ತದೆ. ಬರೆಯದಿದ್ದರೆ ತಪ್ಪೆಲ್ಲ ದೇವರ ತಲೆಗೆ.

ಹೊಳೆ ತನ್ನ ಸರ್ವೆ ಮುಗಿಸಿದೆ. ದಂಡೆಯ ಮನೆಗಳ ಗೋಡೆಗಳಲ್ಲಿ ಕೆಸರಿನ ಗೆರೆ ಎಳೆದು ಹೋಗಿದೆ. ಅದನ್ನು ಕಡತಕ್ಕೆ ಇಳಿಸಲು ನಿಮಗೇನು ರೋಗ?

ಮುಂದಿನ ಮಿರಗದ ಮಳೆ ಬೀಳುವ ಮೊದಲು ಊರೂರಿನ ಗೋಡೆಗೆ ಆ ಗೆರೆ ಬಳಿಯಿರಿ. ಪಕ್ಕದಲ್ಲಿ ಕ್ಯುಸೆಕ್ ಬರೆಯಿರಿ, ಓಡಬೇಕಾದ ದಾರಿ ಬರೆಯಿರಿ. ನೀವು ಬರೆಯದಿದ್ದರೆ ನಾವೇ ಸುಣ್ಣದ ಡಬ್ಬಿ ಹಿಡಿಯುತ್ತೇವೆ. ನೀರಿನ ಮಟ್ಟ ಬರೆಯುತ್ತೇವೆ. ತಾರೀಖು ಬರೆಯುತ್ತೇವೆ. ಆ ದಿನ ಕುರ್ಚಿಯಲ್ಲಿ ಕೂತಿದ್ದವರ ಹೆಸರನ್ನೂ ಬರೆಯುತ್ತೇವೆ.