ಸಿ ಒಂದೇ ಸಾಕು ಅನ್ನೋರಿಗೆ

"ಒಂದು ಸಿ ಮೌತ್ ಆರ್ಗನ್ ಇದ್ರೆ ಸಾಕು, ಯಾವ ಹಾಡು ಬೇಕಾದ್ರೂ ನುಡಿಸ್ಬೋದು." ಈ ಮಾತನ್ನ ಅಂಗಡಿಯವರ ಬಾಯಲ್ಲಿ ಕೇಳಿದ್ದೀನಿ, ಆರ್ಕೆಸ್ಟ್ರಾದವರ ಬಾಯಲ್ಲೂ ಕೇಳಿದ್ದೀನಿ. ಇದು ಅರ್ಧ ಸುಳ್ಳು. ಇನ್ನರ್ಧ ನಿಜ, ಆದ್ರೆ ಹೇಗೆ ನಿಜ ಅನ್ನೋದು ಹೇಳೋರಿಗೇ ಗೊತ್ತಿಲ್ಲ. ಅದೇ ನನ್ನ ಜಗಳ.

ಹೋದ ಶ್ರಾವಣದ ಕಥೆ ಕೇಳಿ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ ಹೋಗೋ ರಸ್ತೆಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಸೋಮವಾರ ಅಲ್ಲಿ ಭಜನೆ. ದೊಡ್ಡಮ್ಮನಿಗೆ ಅರವತ್ತನಾಲ್ಕು ವರ್ಷ, ಶ್ರುತಿ ಬಿಳಿ ಐದು, ಅಂದ್ರೆ ಜಿ. ನಾನು ಬ್ಯಾಂಜೋ ನುಡಿಸ್ತೀನಿ. ಬ್ಯಾಂಜೋ ಅಂದ್ರೆ ಅಮೆರಿಕದ ಐದು ತಂತಿಯದಲ್ಲ, ನಮ್ಮ ಬುಲ್‌ಬುಲ್ ತರಂಗ್. 1912ರಲ್ಲಿ ಜಪಾನಿನ ನಗೋಯಾದಲ್ಲಿ ಮೊರಿಟಾ ಗೊರೊ ಅನ್ನೋರು ಮಾಡಿದ ತೈಶೋಗೊತೊ ಇದರ ಅಜ್ಜ. ಟೈಪ್‌ರೈಟರ್ ಥರ ಕೀಲಿ ಒತ್ತಬೇಕು. ಪಕ್ಕದ ಶ್ರುತಿ ತಂತಿಗಳನ್ನ ಸ-ಪಕ್ಕೆ, ಅಂದ್ರೆ ಜಿ-ಡಿಗೆ ಕಟ್ಟಿದ್ದೆ.

ಅವತ್ತು ಒಬ್ಬ ಹುಡುಗ ಹತ್ತು ತೂತಿನ ಸಿ ಮೌತ್ ಆರ್ಗನ್ ಹಿಡ್ಕೊಂಡು ಬಂದ. "ಅಣ್ಣ, ನಂದು ಸಿ. ಇದನ್ನ ತಿರುಗ್ಸೋಕಾಗಲ್ಲ, ನೀವೇ ಸಿಗೆ ಬನ್ನಿ" ಅಂದ. ಸರಿ ಅನ್ನಿಸ್ತು. ಲೋಹದ ನಾಲಿಗೆಗೆ ಬಿರಡೆ ಇರಲ್ಲ, ತಂತಿಗೆ ಇರುತ್ತೆ. ಡಿ ತಂತಿ ಸಡಿಲಿಸಿ ಸಿಗೆ ಇಳಿಸಿದೆ, ಐದು ಕೀಲಿ ಮೇಲಿಂದ ಸ ಹಿಡಿದೆ. ಒಂದೇ ನಿಮಿಷದ ಕೆಲಸ. ಬ್ಯಾಂಜೋ ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೇ ಯಾರಿಗೂ ಗೊತ್ತಾಗಲಿಲ್ಲ, ತಿರುಗದ ವಾದ್ಯ ಇನ್ನೊಂದಿದೆ ಅಂತ. ದೊಡ್ಡಮ್ಮನ ಗಂಟಲು.

ಜಿಯಿಂದ ಸಿಗೆ ಏರೋದು ಅಂದ್ರೆ ಐದು ಮನೆ ಮೇಲೆ. ಮೋಹನ ರಾಗದ ದೇವರನಾಮ. ಪಲ್ಲವಿ ಹೇಗೋ ದಾಟಿತು, ಅನುಪಲ್ಲವಿಯ ತಾರಸ್ಥಾಯಿಯಲ್ಲಿ ಧ್ವನಿ ಒಡೀತು. ದೊಡ್ಡಮ್ಮ ನಗ್ತಾ "ನಂಗೆ ವಯಸ್ಸಾಯ್ತು ಬಿಡ್ರಪ್ಪ, ನೀವೇ ಹಾಡ್ಕೊಳ್ಳಿ" ಅಂದ್ರು. ಎಲ್ರೂ ತಲೆ ಆಡಿಸಿದ್ವಿ. ನಾನೂ! ಆಮೇಲೆ ಅವರು ಹಾಡಿಲ್ಲ.

ಈಗ ಅಸಲಿ ವಿಷಯ. ಅವತ್ತು ಯಾವ ತಂತಿಯನ್ನೂ ಮುಟ್ಟೋ ಅಗತ್ಯ ಇರಲಿಲ್ಲ. ಮೋಹನಕ್ಕೆ ಬೇಕಾದ್ದು ಸ ರಿ ಗ ಪ ದ. ಜಿಯಿಂದ ಎಣಿಸಿದ್ರೆ ಜಿ, ಎ, ಬಿ, ಡಿ, ಇ. ಐದೂ ಅದೇ ಸಿ ಮೌತ್ ಆರ್ಗನ್‌ನಲ್ಲಿವೆ! ಆರನೇ ತೂತು ಊದಿದ್ರೆ ಸ, ಅದನ್ನೇ ಎಳೆದ್ರೆ ರಿ, ಏಳು ಎಳೆದ್ರೆ ಗ, ಎಂಟು ಎಳೆದ್ರೆ ಪ, ಎಂಟು ಊದಿದ್ರೆ ದ, ಒಂಬತ್ತು ಊದಿದ್ರೆ ಮೇಲಿನ ಸ. ಸ್ವಲ್ಪ ಕೀಚಲು, ನಿಜ. ಮೂರನೇ ತೂತಿಂದ ಶುರು ಮಾಡಿದ್ರೆ ರಿ ನೇರವಾಗಿ ಸಿಗಲ್ಲ, ಅದಕ್ಕೇ ಆರು.

ಇದೇನು ಹೊಸ ವಿದ್ಯೆ ಅಲ್ಲ. ನಮ್ಮ ಸಂಗೀತದಲ್ಲಿ ಇದಕ್ಕೆ ಗ್ರಹಭೇದ ಅಂತಾರೆ. ಶಂಕರಾಭರಣದ ಪಂಚಮವನ್ನ ಸ ಮಾಡಿಕೊಂಡ್ರೆ ಹರಿಕಾಂಭೋಜಿ, ರಿಷಭವನ್ನ ಮಾಡಿಕೊಂಡ್ರೆ ಖರಹರಪ್ರಿಯ, ಮಧ್ಯಮವನ್ನ ಮಾಡಿಕೊಂಡ್ರೆ ಕಲ್ಯಾಣಿ. ಹಾಗಾಗಿ ಹಾಡೋರ ಶ್ರುತಿ ಜಿ ಆದ್ರೆ ಹರಿಕಾಂಭೋಜಿಗೆ ಸಿ ಮೌತ್ ಆರ್ಗನ್, ಶಂಕರಾಭರಣಕ್ಕೆ ಜಿ, ಖರಹರಪ್ರಿಯಕ್ಕೆ ಎಫ್, ಕಲ್ಯಾಣಿಗೆ ಡಿ. ಬ್ಯಾಂಜೋ ತಂತಿ ಜಿ-ಡಿಯಲ್ಲೇ ಇರುತ್ತೆ. (ಗಮಕ ಬರುತ್ತಾ ಅಂತ ಕೇಳಬೇಡಿ, ಅದು ಬೇರೆ ಜಗಳ :) )

ಅಮೆರಿಕದ ಹಳ್ಳಿ ಸಂಗೀತಗಾರರಿಗೆ ಈ ಲೆಕ್ಕ ಕರತಲಾಮಲಕ. ಅಲ್ಲಿಯ ಬ್ಯಾಂಜೋವನ್ನ ಜಿಗೆ ಕಟ್ಟಿದ್ರೆ ಜಿ ಮೌತ್ ಆರ್ಗನ್ ನೇರವಾಗಿ, ಇಲ್ಲಾ ಸಿಯನ್ನ ಅಡ್ಡ ಹಿಡಿದು. ಎರಡನೇ ಮೆಟ್ಟಿಲಿಗೆ ಕೇಪೋ ಹಾಕಿ ಎಗೆ ಏರಿಸಿದ್ರೆ ಎ, ಇಲ್ಲಾ ಡಿ. ಅದಕ್ಕೇ ಮೌತ್ ಆರ್ಗನ್‌ನವನ ಹತ್ರ ಚೀಲ ತುಂಬಾ ಮೌತ್ ಆರ್ಗನ್. ನಮ್ಮವನ ಜೇಬಲ್ಲಿ ಒಂದೇ ಒಂದು, ಜೊತೆಗೆ ಊರಿಗೆಲ್ಲಾ ಆಗುವಷ್ಟು ಧೈರ್ಯ.

ಇನ್ನೊಂದು ಪಂಗಡ ಇದೆ. ಬೆರಳು ಬದಲಿಸೋಕೆ ಸೋಮಾರಿತನ, ತಂತಿಯನ್ನೇ ಬಿಗೀತಾರೆ. ಸ್ವಾಮಿ, ಅದೇ ತಂತಿಯನ್ನ ಜಿಯಿಂದ ಸಿಗೆ ಏರಿಸೋಕೆ ಸುಮಾರು 1.8 ಪಟ್ಟು ಬಿಗಿತ ಬೇಕು. ಪಟ್ ಅಂತ ಹರಿದ್ರೆ "ಬ್ಯಾಂಜೋ ಆಟದ ಸಾಮಾನು" ಅಂತ ಬೈಯೋದು ಬೇರೆ.

ವಾದ್ಯಕ್ಕೆ ಬೈಯೋದು ನಮ್ಮಲ್ಲಿ ಹಳೇ ಚಾಳಿ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. ಸ್ವರ ಕದಲಲ್ಲ ಅನ್ನೋದು ಒಂದು ದೂರು. ಆ ನಿಷೇಧ ಸಡಿಲವಾಗೋಕೆ 1971 ಬರಬೇಕಾಯ್ತು. ಕದಲಲ್ಲ ಅನ್ನೋದು ಪೆಟ್ಟಿಗೆಯ ಗುಣ. ಕದಲದ ಪೆಟ್ಟಿಗೆ ಮುಂದೆ ಹಾಡೋರನ್ನ ಕದಲಿಸೋದು ನಮ್ಮ ತಪ್ಪು.

ನಾನು ಹೇಳೋದು ಇಷ್ಟೇ. ಮೊದಲು ಹಾಡೋರನ್ನ ಕೇಳಿ, "ನಿಮ್ಮ ಶ್ರುತಿ ಯಾವುದು?" ಅಂತ. ಆಮೇಲೆ ರಾಗ ನೋಡಿ ಮೌತ್ ಆರ್ಗನ್ ಆರಿಸಿ. ಕೊನೆಗೆ ಬ್ಯಾಂಜೋ ತಂತಿ ಸೇರಿಸಿ. ನಾವು ಅವತ್ತು ಮಾಡಿದ್ದು ಪೂರ್ತಿ ಉಲ್ಟಾ.

ಆ ಹುಡುಗನಿಗೆ ಆರನೇ ತೂತು ತೋರಿಸಿದ್ದೀನಿ, ಕಲೀತಿದ್ದಾನೆ. ಮೊನ್ನೆ ದೊಡ್ಡಮ್ಮನ ಹತ್ರ ಹೋಗಿ "ತಪ್ಪು ನಂದು, ನಿಮ್ಮ ವಯಸ್ಸಿಂದಲ್ಲ" ಅಂದೆ. ಬರೋ ಸೋಮವಾರ ಕೂತು ಕೇಳ್ತೀನಿ ಅಂದಿದ್ದಾರೆ. ಹಾಡ್ತೀನಿ ಅಂತ ಇನ್ನೂ ಅಂದಿಲ್ಲ.