ಕೆರೆಗೆ ಧುಮುಕೋ ಮುಂಚೆ

ರಜೆಗೆ ಕೋಲಾರ ಕಡೆಯ ನಮ್ಮೂರಿಗೆ ಹೋದ್ರೆ ಮೊದಲು ನೆನಪಾಗೋದು ಕೆರೆ. ಏಪ್ರಿಲ್ ಮಧ್ಯಾಹ್ನ ಮೇಲಿನ ನೀರು ಬೆಚ್ಚಗೆ, ಕಾಲು ಇಳಿಬಿಟ್ರೆ ಕೆಳಗೆ ತಣ್ಣಗೆ; ಬಿಸಿನೀರು ಹಗುರ, ಮೇಲೇ ನಿಲ್ಲುತ್ತೆ. ಡಿಸೆಂಬರ್ ಬೆಳಗ್ಗೆ ಗಾಳಿಗಿಂತ ನೀರೇ ಬೆಚ್ಚಗೆ. ಇಳಿಯೋದು ಸುಲಭ, ಮೇಲೆ ಬರೋದೇ ಕಷ್ಟ!

ಈಗ ಬರೀ ಚಳಿ-ಬಿಸಿ ಲೆಕ್ಕ ಸಾಲದು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದಿನ ಕೆರೆಗಳಿಗೆ. ಎರಡು ಹಂತದ ಸಂಸ್ಕರಣೆ ಅಷ್ಟೇ. ಉದ್ದೇಶ ಅಂತರ್ಜಲ ತುಂಬಿಸೋದು, ಈಜೋದಲ್ಲ. ಬೋರ್‌ವೆಲ್‌ಗೆ ಜೀವ ಬಂತು ಅಂತ ಅಪ್ಪನಿಗೆ ಖುಷಿ, ನನಗೂ. ಆದ್ರೆ ಕೆರೆ ಒಣಗಿದ್ದಾಗ ಮಣ್ಣು, ಮರಳು ತೆಗೆದ ಗುಂಡಿಗಳು ಈಗ ನೀರಿನಡಿ ಕಾಣಲ್ಲ.

ಅಕ್ಕನ ಮಗನಿಗೆ ಈಜು ಕಲಿಸ್ತೀನಿ ಅಂದಿದ್ದೆ. ಬೆಂಗಳೂರಿನ ಈಜುಕೊಳದಲ್ಲೇ ಕಲಿಸ್ತೀನಿ. ಊರಲ್ಲಿ ಕಟ್ಟೆ ಮೇಲೆ ಕೂತು ಕಡ್ಲೆಕಾಯಿ ತಿಂತೀವಿ.