ಎಷ್ಟು ಭಾಷೆ ಬಲ್ಲಿರಿ? ಎಷ್ಟರ ಮಟ್ಟಿಗೆ ಬಲ್ಲಿರಿ?

ಪದವಿ ಮುಗಿಸಿ ಉದ್ಯೋಗಕ್ಕೆ ಅರ್ಜಿ ಹಾಕುವ ನಮ್ಮ ತರುಣರು ತಮ್ಮ ಯೋಗ್ಯತೆಯನ್ನು ವಿವರಿಸುವ ಹಾಳೆಯಲ್ಲಿ ಒಂದು ಸಾಲನ್ನು ತಪ್ಪದೆ ಸೇರಿಸುತ್ತಾರೆ. 'ಬಲ್ಲ ಭಾಷೆಗಳು' ಎಂಬ ತಲೆಬರಹದ ಕೆಳಗೆ ಸಿ, ಸಿ ಪ್ಲಸ್ ಪ್ಲಸ್, ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್, ಎಸ್‌ಕ್ಯೂಎಲ್ ಎಂದು ಒಂದು ಮೆರವಣಿಗೆಯೇ ಹೊರಡುತ್ತದೆ. ಗಣಕಯಂತ್ರದಿಂದ ಕೆಲಸ ಮಾಡಿಸಿಕೊಳ್ಳುವುದಕ್ಕಾಗಿ ಮನುಷ್ಯನು ರಚಿಸಿಕೊಂಡಿರುವ ಕೃತಕ ಭಾಷೆಗಳಿವು. ಮೆರವಣಿಗೆಯ ಕೊನೆಯಲ್ಲಿ ಎಚ್‌ಟಿಎಂಎಲ್ ಕೂಡ ಕಾಣಿಸಿಕೊಳ್ಳುವುದುಂಟು. ಅದು ಪುಟದಲ್ಲಿ ಯಾವುದು ಶೀರ್ಷಿಕೆ, ಯಾವುದು ಚಿತ್ರವೆಂದು ಗುರುತು ಹಾಕುವ ಪದ್ಧತಿಯೇ ಹೊರತು ಲೆಕ್ಕ ಮಾಡಿಸುವ ಭಾಷೆಯಲ್ಲ. ಪಟ್ಟಿ ಉದ್ದವಾದಷ್ಟೂ ಯೋಗ್ಯತೆ ಹೆಚ್ಚೆಂಬ ಭಾವನೆ ಅರ್ಜಿ ಬರೆಯುವವನಲ್ಲಿಯೂ ಇದೆ, ಅದನ್ನು ಓದುವವನಲ್ಲಿಯೂ ಇದೆ. ಎಷ್ಟು ಭಾಷೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರುತ್ತದೆ. ಎಷ್ಟರ ಮಟ್ಟಿಗೆ ಎಂಬುದಕ್ಕೆ ಇರುವುದಿಲ್ಲ. ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದೆಂದೂ, ಅದನ್ನು ಯಾರೂ ಕೇಳದಿರುವುದರಿಂದ ವಿದ್ಯಾರ್ಥಿಗಳ ಒಳ್ಳೆಯ ವರ್ಷಗಳು ವ್ಯರ್ಥವಾಗುತ್ತಿವೆಯೆಂದೂ ಈ ಲೇಖಕನ ಅಭಿಪ್ರಾಯ.

ಮಾತಾಡುವ ಭಾಷೆಗಳ ವಿಷಯದಲ್ಲಿ ನಮಗೆ ಈ ವಿವೇಕ ಸಹಜವಾಗಿಯೇ ಇದೆ. ಮಂಗಳೂರಿನ ಸಾಮಾನ್ಯ ಗೃಹಸ್ಥನೊಬ್ಬನು ತುಳು, ಕೊಂಕಣಿ, ಕನ್ನಡಗಳಲ್ಲಿ ಸರಾಗವಾಗಿ ವ್ಯವಹರಿಸುತ್ತಾನೆ. ಕೋಲಾರದ ಕಡೆಯವನಿಗೆ ತೆಲುಗು, ತಮಿಳುಗಳು ಕಿವಿಗೆ ಹೊಸತಲ್ಲ. ಆದರೂ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತೆಲುಗು ಬಲ್ಲವನು ತನ್ನನ್ನು ತೆಲುಗು ಪಂಡಿತನೆಂದು ಹೇಳಿಕೊಳ್ಳುವುದಿಲ್ಲ. ಹುಟ್ಟಿನಿಂದ ಕನ್ನಡವನ್ನೇ ಆಡಿದವನೂ ಪಂಪನ ಕಾವ್ಯವನ್ನು ತೆರೆದರೆ ಮೊದಲ ಪದ್ಯದಲ್ಲಿಯೇ ತಡವರಿಸಿ ನಿಲ್ಲುತ್ತಾನೆ. ತಿಳಿವಿಗೆ ಮೆಟ್ಟಿಲುಗಳಿವೆಯೆಂಬುದು ಅವನಿಗೆ ಆಗ ತಾನೇ ಗೋಚರವಾಗುತ್ತದೆ.

ಹಾಗಾದರೆ ಗಣಕಯಂತ್ರದ ಭಾಷೆಗಳ ವಿಷಯದಲ್ಲಿ ಈ ವಿವೇಕ ಏಕೆ ಮರೆಯಾಗುತ್ತದೆ? ಆ ಭಾಷೆಗಳ ಶಬ್ದಸಂಪತ್ತು ಬಹಳ ಅಲ್ಪವಾದುದೇ ಇದಕ್ಕೆ ಕಾರಣವೆಂದು ತೋರುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಗೆ 1989ರಲ್ಲಿ ಪ್ರಮಾಣಿತ ರೂಪವನ್ನು ಗೊತ್ತುಮಾಡಿದಾಗ ಅದರಲ್ಲಿದ್ದ ಮೀಸಲು ಪದಗಳು ಕೇವಲ 32. ಹಾಲೆಂಡಿನ ಗ್ವೀಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆಯಲ್ಲಿಯೂ ಅಂಥ ಪದಗಳು ಇಂದಿಗೆ ಸುಮಾರು ಮೂವತ್ತೈದೇ. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಂಠಪಾಠ ಮಾಡಬಹುದು. ಮಾಡಿದವನಿಗೆ ಭಾಷೆಯೇ ಕರಗತವಾಯಿತೆಂಬ ಭ್ರಮೆ ಹುಟ್ಟುವುದು ಸ್ವಾಭಾವಿಕ. ಸಪ್ತಸ್ವರಗಳ ಹೆಸರು ಕಲಿತ ಮಗುವಿಗೆ ಸಂಗೀತ ಬಂದಿತೆಂದು ಯಾವ ತಾಯಿಯೂ ತಿಳಿಯುವುದಿಲ್ಲ. ಇಲ್ಲಿ ಮಾತ್ರ ಹಾಗೆ ತಿಳಿಯುತ್ತೇವೆ.

ಒಂದು ಸಣ್ಣ ಉದಾಹರಣೆಯನ್ನು ನೋಡೋಣ. ವಾರಗಳಿಗೆ ಅಂಕಿಗಳನ್ನು ಕೊಡೋಣ: ಭಾನುವಾರಕ್ಕೆ 0, ಸೋಮವಾರಕ್ಕೆ 1, ಹೀಗೆ ಶನಿವಾರಕ್ಕೆ 6. ಸೋಮವಾರಕ್ಕೆ ಮೂರು ದಿನ ಹಿಂದೆ ಯಾವ ವಾರ? 1ರಿಂದ 3 ಕಳೆದು, ಬಂದುದನ್ನು 7ರಿಂದ ಭಾಗಿಸಿ ಶೇಷವನ್ನು ಹೇಳೆಂದು ಯಂತ್ರಕ್ಕೆ ಆಜ್ಞಾಪಿಸಿದರಾಯಿತು. ಪೈಥಾನ್ ಭಾಷೆಯಲ್ಲಿ ಹೀಗೆ ಬರೆದರೆ ಉತ್ತರ 5, ಅಂದರೆ ಶುಕ್ರವಾರ. ಸರಿಯಾಗಿಯೇ ಇದೆ. ಅದೇ ಆಜ್ಞೆಯನ್ನು, ಅದೇ ಚಿಹ್ನೆಯನ್ನು ಬಳಸಿ ಸಿ ಭಾಷೆಯಲ್ಲಿ ಬರೆದರೆ ಬರುವ ಉತ್ತರ ಮೈನಸ್ 2. ಮೈನಸ್ 2 ಎಂಬ ವಾರ ಯಾವ ಪಂಚಾಂಗದಲ್ಲಿಯೂ ಇಲ್ಲ! ಹಾಗೆಂದು ಸಿ ಭಾಷೆ ತಪ್ಪು ಮಾಡಿತೆನ್ನುವಂತಿಲ್ಲ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿಸಿದರೆ ಮೂಲ ಸಂಖ್ಯೆ ಬರಬೇಕೆಂಬುದಷ್ಟೆ ಗಣಿತದ ನಿಯಮ. ಸಿ ಭಾಷೆ ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಮೊಟಕು ಮಾಡಿ 0 ಎನ್ನುತ್ತದೆ. ಶೇಷ ಮೈನಸ್ 2 ಆಗುತ್ತದೆ. ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿದು ಮೈನಸ್ 1 ಎನ್ನುತ್ತದೆ. ಶೇಷ 5 ಆಗುತ್ತದೆ. ಎರಡೂ ನಿಯಮಬದ್ಧವೇ. 1999ಕ್ಕೆ ಮುಂಚೆ ಸಿ ಭಾಷೆಯ ಪ್ರಮಾಣಗ್ರಂಥವು ಈ ವಿಷಯವನ್ನು ಆಯಾ ಯಂತ್ರದವರ ಇಚ್ಛೆಗೇ ಬಿಟ್ಟಿತ್ತು. ಎರಡೂ ಭಾಷೆಗಳ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡವರಲ್ಲಿ ಎಷ್ಟು ಮಂದಿ ಇದನ್ನು ಯಂತ್ರವನ್ನು ಮುಟ್ಟದೆ ಮೊದಲೇ ಹೇಳಬಲ್ಲರು?

ಒಂದು ಭಾಷೆಯನ್ನು ಬಲ್ಲೆನೆನ್ನುವವನು, ಎದುರಿಗಿರುವ ಹತ್ತು ಸಾಲನ್ನು ಓದಿ, ಯಂತ್ರವು ಏನು ಮಾಡುವುದೆಂಬುದನ್ನು ಅದು ಮಾಡುವುದಕ್ಕೆ ಮುಂಚೆಯೇ ಹೇಳಬಲ್ಲವನಾಗಿರಬೇಕು. ನನ್ನ ಒರೆಗಲ್ಲು ಇದೊಂದೇ. ಪೈಥಾನ್‌ನಲ್ಲಿ 'ಅ' ಎಂಬ ಹೆಸರಿನ ಒಂದು ಅಂಕಪಟ್ಟಿ ಇದೆಯೆನ್ನಿ. 'ಬ = ಅ' ಎಂದು ಬರೆದು, ಬಳಿಕ 'ಬ' ಪಟ್ಟಿಯ ಮೊದಲ ಅಂಕವನ್ನು ತಿದ್ದಿದರೆ 'ಅ' ಪಟ್ಟಿ ಏನಾಗುತ್ತದೆ? ಹೊಸದೊಂದು ನಕಲು ತಯಾರಾಯಿತೆಂದು ನಂಬಿದವನು 'ಅ' ಹಾಗೆಯೇ ಇರುವುದೆಂದು ಹೇಳುತ್ತಾನೆ. ನಿಜವಾಗಿ ಅಲ್ಲಿ ಇರುವುದು ಒಂದೇ ಪಟ್ಟಿ. ಶಾಲೆಯ ಹಾಜರಿಯಲ್ಲಿ ವೆಂಕಟೇಶನೆಂದೂ ಮನೆಯಲ್ಲಿ ಪುಟ್ಟನೆಂದೂ ಕರೆಸಿಕೊಳ್ಳುವ ಹುಡುಗನಂತೆ ಅದಕ್ಕೆ ಎರಡು ಹೆಸರು. ಪುಟ್ಟನ ತಲೆಗೂದಲು ಕತ್ತರಿಸಿದರೆ ವೆಂಕಟೇಶನ ಕೂದಲೂ ಹೋಗುತ್ತದೆ. ಈ ಒಂದು ಸಂಗತಿಯನ್ನು ಅರಿಯದೆ ಬರೆದ ಪ್ರೋಗ್ರಾಮಿನಲ್ಲಿ ಒಬ್ಬ ವಿದ್ಯಾರ್ಥಿಯ ಅಂಕವನ್ನು ತಿದ್ದಲು ಹೋಗಿ ಮೂಲ ದಾಖಲೆಯೇ ಕೆಟ್ಟುಹೋಗಬಹುದು. ಯಂತ್ರವು ಯಾವ ದೋಷವನ್ನೂ ಸೂಚಿಸದು.

ಹಿಂದಿನ ತಲೆಮಾರಿನವರಿಗೆ ಹೀಗೆ ಮುಂಗಂಡು ಹೇಳುವುದು ಅನಿವಾರ್ಯವಾಗಿತ್ತು. ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ನಿರ್ಮಿಸಿದ ಫೋರ್‌ಟ್ರಾನ್ ಭಾಷೆ 1957ರಲ್ಲಿ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದಾಗ, ಅಲ್ಲಿ ವಿದ್ಯಾರ್ಥಿಗಳಿಗೆ ಈ ಭಾಷೆಯನ್ನು ಕಲಿಸಿದವರಲ್ಲಿ ವಿ. ರಾಜಾರಾಮನ್ ಪ್ರಮುಖರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಪಠ್ಯಪುಸ್ತಕಗಳಿಂದ ಕಲಿತವರು ದೇಶದ ತುಂಬ ಇದ್ದಾರೆ. ಆ ಕಾಲದಲ್ಲಿ ಒಂದೊಂದು ಸಾಲನ್ನೂ ರಟ್ಟಿನ ಕಾರ್ಡಿನಲ್ಲಿ ರಂಧ್ರಗಳಾಗಿ ಕೊರೆದು, ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಸರದಿಗಾಗಿ ಕಾಯಬೇಕಾಗಿತ್ತು. ತಪ್ಪು ಬಂದರೆ ತಿದ್ದಿ ಮತ್ತೆ ಕಾಯಬೇಕು. ಆದುದರಿಂದ ಕಾಗದದ ಮೇಲೆ ಬರೆದುದನ್ನು ಮನಸ್ಸಿನಲ್ಲಿಯೇ ಓಡಿಸಿ ನೋಡುವ ಅಭ್ಯಾಸ ತಾನಾಗಿ ಬೆಳೆಯಿತು. ಫೋರ್‌ಟ್ರಾನಿನಲ್ಲಿ ಒಂದು ವಿಚಿತ್ರ ಕಟ್ಟಳೆಯಿತ್ತು. ಬರೆಯುವವನು ಬೇರೆ ಏನನ್ನೂ ಹೇಳದಿದ್ದರೆ, ಐ ಮೊದಲ್ಗೊಂಡು ಎನ್ ವರೆಗಿನ ಆರು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಹೆಸರುಗಳೆಲ್ಲ ಪೂರ್ಣಾಂಕಗಳೆಂದೇ ಲೆಕ್ಕ. ಸರಾಸರಿಗೆ ಇಂಗ್ಲಿಷಿನಲ್ಲಿ 'ಮೀನ್' ಎಂದು ಹೆಸರಿಟ್ಟರೆ ಅದು ಎಂ ಅಕ್ಷರದಿಂದ ತೊಡಗುವುದರಿಂದ, 35.5 ಎಂಬ ಸರಾಸರಿ ಸದ್ದಿಲ್ಲದೆ 35 ಆಗಿಬಿಡುತ್ತಿತ್ತು. 'ಆವರೇಜ್' ಎಂದು ಹೆಸರಿಟ್ಟವನು ಬಚಾವು. ಭಾಷೆಯನ್ನು ಬಲ್ಲವನಿಗೂ ಅದರ ಪದಗಳನ್ನು ಮಾತ್ರ ಬಲ್ಲವನಿಗೂ ಇರುವ ಅಂತರವೆಲ್ಲ ಇಂತಹ ಕಡೆಯಲ್ಲಿಯೇ ಅಡಗಿದೆ. ಇಂದು ಗುಂಡಿ ಒತ್ತಿದೊಡನೆ ಉತ್ತರ ಬರುವ ಕಾಲ. ಇದು ದೊಡ್ಡ ಸೌಕರ್ಯವೇ ಸರಿ. ಆದರೆ 'ಒತ್ತಿ ನೋಡೋಣ, ಬಂದರೆ ಬಂತು' ಎಂಬ ಚಾಳಿಯನ್ನೂ ಅದು ಅಂಟಿಸಿದೆ.

ಭಾಷೆಯನ್ನು ಚೆನ್ನಾಗಿ ಬಲ್ಲವರು ಎಡವುವುದೇ ಇಲ್ಲವೆಂದು ನಾನು ಹೇಳಲಾರೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಮೊದಲ ಬಾರಿಗೆ ಮೇಲೆದ್ದ ಏರಿಯಾನ್ 5 ರಾಕೆಟ್ಟು ನಿಮಿಷ ತುಂಬುವ ಮೊದಲೇ ಛಿದ್ರವಾಯಿತು. 64 ಬಿಟ್‌ಗಳಲ್ಲಿ ಬರೆದ ಒಂದು ಸಂಖ್ಯೆಯನ್ನು 32767ಕ್ಕಿಂತ ದೊಡ್ಡದನ್ನು ಹಿಡಿಸಲಾರದ 16 ಬಿಟ್‌ಗಳ ಪೂರ್ಣಾಂಕವಾಗಿ ಬದಲಿಸುವಾಗ ಸಂಖ್ಯೆ ಮೇರೆ ಮೀರಿತು. ದಿಕ್ಕನ್ನು ಅಳೆಯುವ ಉಪಕರಣ ಕೆಲಸ ನಿಲ್ಲಿಸಿತು. ಅದರ ಜೊತೆಗಿದ್ದ ಬದಲಿ ಉಪಕರಣದಲ್ಲಿಯೂ ಅದೇ ಪ್ರೋಗ್ರಾಮಿದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತಿತು. ಆ ಪ್ರೋಗ್ರಾಮನ್ನು ಅಡಾ ಭಾಷೆಯಲ್ಲಿ ಬರೆದವರು ಅನನುಭವಿಗಳಾಗಿರಲಿಲ್ಲ. ಹಿಂದಿನ ಏರಿಯಾನ್ 4ರ ವೇಗಕ್ಕೆ ಆ ಸಂಖ್ಯೆ ಮೇರೆ ಮೀರುವ ಸಂಭವವಿಲ್ಲವೆಂದು ತಿಳಿದೇ ಅಲ್ಲಿ ರಕ್ಷಣೆಯನ್ನು ಬಿಟ್ಟಿದ್ದರು. ಹೊಸ ರಾಕೆಟ್ಟಿನ ವೇಗ ಬೇರೆಯಾಗಿತ್ತು. ಆಳವಾಗಿ ಬಲ್ಲವರಿಗೇ ಹೀಗಾಗುವಲ್ಲಿ, ಸಂಖ್ಯೆಗೂ ಒಂದು ಮೇರೆಯಿದೆಯೆಂಬುದನ್ನೇ ಕೇಳದವರ ಪಾಡೇನು?

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಹಲವು ಭಾಷೆಗಳನ್ನು ಕಲಿಯುವುದರಿಂದ ದೃಷ್ಟಿ ವಿಶಾಲವಾಗುವುದಿಲ್ಲವೆ? ಆಗುತ್ತದೆ, ಆದರೆ ಅವು ನಿಜವಾಗಿ ಬೇರೆ ಬೇರೆಯಾಗಿರಬೇಕು. ಜಾವಾ ಬಲ್ಲವನು ಅದಕ್ಕೆ ನೆರೆಯ ಮತ್ತೊಂದು ಭಾಷೆಯನ್ನು ಕಲಿತರೆ ಹೆಚ್ಚು ಲಾಭವಿಲ್ಲ. ಎಸ್‌ಕ್ಯೂಎಲ್ ಭಾಷೆಯಲ್ಲಿ ಹೇಗೆ ಮಾಡಬೇಕೆಂದು ಹೇಳುವುದೇ ಇಲ್ಲ. ಏನು ಬೇಕೆಂದಷ್ಟೆ ಹೇಳುತ್ತೇವೆ. ಜಾನ್ ಮೆಕಾರ್ಥಿ 1958ರ ಸುಮಾರಿಗೆ ಕಲ್ಪಿಸಿದ ಲಿಸ್ಪ್ ಭಾಷೆಯಲ್ಲಿ ಪ್ರೋಗ್ರಾಮೂ ಒಂದು ಪಟ್ಟಿ, ಅದು ಸಂಸ್ಕರಿಸುವ ಮಾಹಿತಿಯೂ ಒಂದು ಪಟ್ಟಿ. ಇಂಥದೊಂದನ್ನು ಕಲಿತವನು ಮರಳಿ ತನ್ನ ಮೊದಲ ಭಾಷೆಗೆ ಬಂದಾಗ ಅಲ್ಲಿಯೂ ಹೊಸತನ್ನು ಕಾಣುತ್ತಾನೆ. ಹಾಗೆ ಮರಳಿ ಬರಲು ಒಂದು ಮನೆ ಇರಬೇಕಷ್ಟೆ. ಮೊದಲನೆಯ ಭಾಷೆ ಯಾವುದಾಗಬೇಕೆಂಬ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಬೇಸಿಕ್ ಭಾಷೆಯಿಂದ ಆರಂಭಿಸಿದವರ ಬುದ್ಧಿ ಕೆಟ್ಟುಹೋಗುತ್ತದೆಂಬ ಅರ್ಥದಲ್ಲಿ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1975ರಲ್ಲಿ ಕಟುವಾಗಿ ಬರೆದಿದ್ದರು. ಅದರಿಂದಲೇ ಆರಂಭಿಸಿ ಒಳ್ಳೆಯ ಕೆಲಸ ಮಾಡಿದವರು ಬಹಳ ಮಂದಿ ಇದ್ದಾರೆ.

ದೋಷವನ್ನೆಲ್ಲ ವಿದ್ಯಾರ್ಥಿಗಳ ತಲೆಗೆ ಕಟ್ಟುವುದು ಅನ್ಯಾಯ. ಒಂದು ಅರ್ಧವರ್ಷಕ್ಕೆ ಒಂದು ಭಾಷೆ, ಮುಂದಿನದಕ್ಕೆ ಇನ್ನೊಂದು ಎಂದು ಪಾಠಕ್ರಮ ಓಡುತ್ತಿರುವಾಗ ಯಾವುದೂ ಬೇರುಬಿಡುವುದಿಲ್ಲ. ಪ್ರಯೋಗದ ಪರೀಕ್ಷೆಗೆ ಹತ್ತು ಹನ್ನೆರಡು ಪ್ರೋಗ್ರಾಮುಗಳನ್ನು ಶ್ಲೋಕದಂತೆ ಉರುಹೊಡೆದು, ಚೀಟಿಯಲ್ಲಿ ಬಂದುದನ್ನು ಬರೆದು ಅಂಕ ಪಡೆಯುವುದು ಹೊಸ ಸಂಗತಿಯೇನಲ್ಲ. ಪರೀಕ್ಷಕರು ಬರೆದುಕೊಟ್ಟ ಪ್ರೋಗ್ರಾಮಿನ ಒಂದು ಸಾಲನ್ನು ಬದಲಿಸಿ 'ಈಗ ಏನಾಗುತ್ತದೆ?' ಎಂದು ಕೇಳುವ ಪದ್ಧತಿ ಬಂದರೆ ಆ ಉರುಹೊಡೆತಕ್ಕೆ ಬೆಲೆಯೇ ಉಳಿಯಲಾರದು.

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಈ ಭಾಷೆಗಳ ಪದಗಳು ಇಂಗ್ಲಿಷಿನವಾದುದರಿಂದ ಇವು ನಮಗೆ ಎಟುಕುವುದಿಲ್ಲವೆಂದು ಹಿಂಜರಿಯುವವರನ್ನು ಬಹಳ ನೋಡಿದ್ದೇನೆ. ಇಂಗ್ಲಿಷ್ ಪುಸ್ತಕಗಳನ್ನು ಓದುವ ಕಷ್ಟ ನಿಜವಾದುದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಭಾಷೆಯ ಒಳಗಿರುವ ಇಂಗ್ಲಿಷ್ ಮೂವತ್ತು ನಲವತ್ತು ಪದಗಳದು ಮಾತ್ರ; ಅವುಗಳ ಇಂಗ್ಲಿಷ್ ಅರ್ಥ ಕೆಲವೊಮ್ಮೆ ದಾರಿ ತಪ್ಪಿಸುವುದೂ ಉಂಟು. 'ವೈಲ್' ಎಂಬ ಪದವನ್ನು ಕಂಡ ಇಂಗ್ಲಿಷ್ ಬಲ್ಲವನು, ನಿಬಂಧನೆ ಸುಳ್ಳಾದ ಕ್ಷಣವೇ ಕೆಲಸ ನಿಲ್ಲುವುದೆಂದು ಭಾವಿಸುತ್ತಾನೆ. ಯಂತ್ರವು ನಿಬಂಧನೆಯನ್ನು ಪ್ರತಿ ಸುತ್ತಿನ ಆರಂಭದಲ್ಲಿ ಮಾತ್ರ ನೋಡುತ್ತದೆ. ನಡುವೆ ಸುಳ್ಳಾದರೂ ಆ ಸುತ್ತನ್ನು ಮುಗಿಸಿಯೇ ನಿಲ್ಲುತ್ತದೆ. ಇದನ್ನು ಇಂಗ್ಲಿಷ್ ಮಾಧ್ಯಮದವರೂ ನಮ್ಮವರೂ ಸಮನಾಗಿ ಹೊಸದಾಗಿಯೇ ಕಲಿಯಬೇಕು.

ಇತ್ತೀಚಿನ ವರ್ಷಗಳಲ್ಲಿ ನಾವು ಬೇಕಾದುದನ್ನು ಸಾಮಾನ್ಯ ಮಾತಿನಲ್ಲಿ ಕೇಳಿದರೆ ಪ್ರೋಗ್ರಾಮನ್ನು ತಾನೇ ಬರೆದುಕೊಡುವ ಯಂತ್ರಗಳೂ ಬಂದಿವೆ. ಇನ್ನು ಭಾಷೆಯನ್ನು ಕಲಿಯುವುದೇಕೆಂದು ಕೆಲವರು ಕೇಳುತ್ತಾರೆ. ಆ ಯಂತ್ರವು ವಾರದ ಲೆಕ್ಕವನ್ನು ಸಿ ಭಾಷೆಯಲ್ಲಿ ಬರೆದುಕೊಟ್ಟಿತೆನ್ನಿ. ಮೈನಸ್ 2 ಬರುವ ಸಂದರ್ಭವನ್ನು ಅದು ಯೋಚಿಸಿದೆಯೋ ಇಲ್ಲವೋ ಎಂಬುದನ್ನು ಓದಿ ಹೇಳಬೇಕಾದವರು ಯಾರು? ಬರೆಯುವ ಶ್ರಮ ಕಡಮೆಯಾದಷ್ಟೂ ಓದಿ ತೀರ್ಮಾನಿಸುವ ಹೊಣೆ ಹೆಚ್ಚುತ್ತದೆ. ಎಂಟು ಹೆಸರುಗಳ ಪಟ್ಟಿ ಅಲ್ಲಿ ಪ್ರಯೋಜನಕ್ಕೆ ಬಾರದು.

ಆ ಪಟ್ಟಿಯ ಬದಲು ಅರ್ಜಿಯಲ್ಲಿ ಏನು ಬರೆಯಬೇಕು? ಒಂದೇ ಒಂದು ಭಾಷೆಯ ಹೆಸರು ಬರೆಯಿರಿ. ಅದರ ಕೆಳಗೆ, ಆ ಭಾಷೆಯಲ್ಲಿ ನೀವು ಕಟ್ಟಿದ ಅತ್ಯಂತ ದೊಡ್ಡ ಕೆಲಸ ಯಾವುದು, ಅದಕ್ಕೆ ಎಷ್ಟು ತಿಂಗಳು ಹಿಡಿಯಿತು, ಅದು ಎಲ್ಲಿ ಕೆಟ್ಟಿತ್ತು, ಕಾರಣವನ್ನು ಹೇಗೆ ಹುಡುಕಿದಿರಿ ಎಂಬುದನ್ನು ನಾಲ್ಕು ಸಾಲುಗಳಲ್ಲಿ ತಿಳಿಸಿರಿ. ಉಳಿದ ಭಾಷೆಗಳನ್ನು 'ಪರಿಚಯವುಳ್ಳವು' ಎಂದು ಬೇರೆಯಾಗಿ ಕಾಣಿಸಬಹುದು. ಸಂದರ್ಶನ ಮಾಡುವವರಿಗೂ ಇದರಿಂದ ಅನುಕೂಲವೇ. ಕೇಳುವ ಪ್ರಶ್ನೆ ಎಲ್ಲಿಂದ ತೊಡಗಬೇಕೆಂಬುದು ಅವರಿಗೆ ಕೂಡಲೆ ತಿಳಿಯುತ್ತದೆ.